ಸ್ಲೈಡರ್ ಫೋನಿನ ಮೈಕಟ್ಟು: ಉಪ್ಪುಗಾಳಿಯ ಊರಿನಿಂದ ಒಂದು ಸಮೀಕ್ಷೆ

ಫೋನಿನ ವಿಮರ್ಶೆಗಳಲ್ಲಿ ಪ್ರೊಸೆಸರಿಗೆ, ಕ್ಯಾಮೆರಾಕ್ಕೆ, ಬ್ಯಾಟರಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಮೈಕಟ್ಟಿಗೆ ಸಿಗುವುದು ಒಂದೆರಡು ಸಾಲು: ಕೈಗೆ ಗಟ್ಟಿ ಅನ್ನಿಸುತ್ತದೆ, ನೋಡಲು ಚೆನ್ನಾಗಿದೆ, ಅಷ್ಟೆ. ಆದರೆ ನಮ್ಮ ಕೈಯಲ್ಲಿ ಫೋನು ಕೆಡುವುದು ಹೆಚ್ಚಾಗಿ ಮೈಯಿಂದಲೇ. ಚಾರ್ಜಿಂಗ್ ಪಿನ್ ಸಡಿಲವಾಗುತ್ತದೆ, ಸ್ಪೀಕರಿನ ಜಾಲರಿ ಕಟ್ಟಿಕೊಳ್ಳುತ್ತದೆ, ಒತ್ತಿದ ಗುಂಡಿ ಮೇಲೇಳುವುದಿಲ್ಲ, ಗಾಜು ಸೀಳುತ್ತದೆ. ಒಳಗಿನ ಚಿಪ್ ಇನ್ನೂ ವರ್ಷಗಟ್ಟಲೆ ದುಡಿಯುವಂತಿದ್ದರೂ ಮೈ ಸೋತರೆ ಫೋನು ಸೋತಂತೆಯೇ.

ಈ ಪ್ರಶ್ನೆ ಎಲ್ಲಕ್ಕಿಂತ ಎದ್ದು ಕಾಣುವುದು ಸ್ಲೈಡರ್ ಫೋನಿನಲ್ಲಿ. ಎರಡು ತುಂಡುಗಳು ಒಂದರ ಮೇಲೊಂದು ಜಾರಿ, ಕೆಳಗಡೆಯ ಕೀಲಿಮಣೆಯನ್ನೋ ಮೇಲ್ಗಡೆಯ ಕ್ಯಾಮೆರಾವನ್ನೋ ತೆರೆದುಕೊಡುವ ಫೋನು ಅದು. ಅಲ್ಲಿ ಮೈ ಬರೀ ಕವಚವಲ್ಲ, ದಿನವೂ ದುಡಿಯುವ ಯಂತ್ರ. ಸ್ಲೈಡರುಗಳ ಕಾಲ ಬಹುಪಾಲು ಮುಗಿದಿದೆ ನಿಜ. ಆದರೆ ಮಡಚುವ ಫೋನು ಅಂಗಡಿಗೆ ಬಂದಿದೆ, ಸುರುಳಿ ಬಿಚ್ಚಿ ಅಗಲವಾಗುವ ಪರದೆಯ ಮಾದರಿಗಳನ್ನು ಕಂಪನಿಗಳು ತೋರಿಸಿವೆ. ಅಲುಗುವ ಮೈಯ ಫೋನು ಮತ್ತೆ ಬರುತ್ತಿರುವಾಗ, ಹಿಂದೆ ಬಂದುಹೋದದ್ದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂದು ಲೆಕ್ಕ ಹಾಕಿಕೊಳ್ಳುವುದು ಕೊಳ್ಳುವವರಿಗೆ ಒಳ್ಳೆಯದು.

ಆ ಲೆಕ್ಕವನ್ನು ಹಿರೇಗುತ್ತಿಯಲ್ಲಿ ನಿಂತು ಹಾಕುವುದಕ್ಕೆ ಕಾರಣವಿದೆ. ಕುಮಟಾ ತಾಲೂಕಿನ ಈ ಊರು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ದಕ್ಷಿಣಕ್ಕೆ ಹೋದರೆ ಮಿರ್ಜಾನ ಕೋಟೆ, ಉತ್ತರಕ್ಕೆ ಹೋದರೆ ಗೋಕರ್ಣಕ್ಕೆ ತಿರುಗುವ ಮಾದನಗೇರಿ. ಸುತ್ತಿನಲ್ಲೇ ಅಘನಾಶಿನಿಯ ಹಿನ್ನೀರು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಾಣಿಕಟ್ಟಾದ ಉಪ್ಪಿನ ಆಗರ. ಅಣೆಕಟ್ಟು ಕಾಣದೆ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಮಳೆಗಾಲದಲ್ಲಿ ಇಲ್ಲಿ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ಗಾಳಿಯಲ್ಲಿ ಉಪ್ಪು. ಕಿಟಕಿಯ ಸರಳು, ಬೈಕಿನ ಚೈನು, ಗೇಟಿನ ಕೀಲು ಯಾವುದನ್ನೂ ಈ ಗಾಳಿ ಬಿಡುವುದಿಲ್ಲ. ಏಸಿ ಶೋರೂಮಿನಲ್ಲಿ ಗಟ್ಟಿ ಅನ್ನಿಸಿದ ಫೋನು ನಿಜವಾಗಿ ಗಟ್ಟಿಯೇ ಎಂಬುದು ತಿಳಿಯುವುದು ಇಂಥ ಊರಿನಲ್ಲಿ ಎರಡು ಮಳೆಗಾಲ ಕಳೆದ ಮೇಲೆ.

ಮೂರು ಪೀಳಿಗೆಗಳು

ಸ್ಲೈಡರುಗಳ ಚರಿತ್ರೆಯನ್ನು ಮೂರು ಪೀಳಿಗೆಯಾಗಿ ನೋಡಬಹುದು. ಒಂದೊಂದು ಪೀಳಿಗೆ ಜಾರುವ ಮೈಯನ್ನು ಒಂದೊಂದು ಕಾರಣಕ್ಕೆ ಬಳಸಿಕೊಂಡಿತು.

ಮೊದಲನೆಯದು ಅಂಕಿಕೀಲಿಗಳ ಕಾಲ. 1996ರ ನೋಕಿಯಾ 8110ರಲ್ಲಿ ಜಾರುತ್ತಿದ್ದದ್ದು ಕೀಲಿಗಳ ಮೇಲಿನ ಮುಚ್ಚಳ ಮಾತ್ರ. 1999ರ ಸೀಮೆನ್ಸ್ ಎಸ್‌ಎಲ್10ರಲ್ಲಿ ಫೋನೇ ಎರಡು ಭಾಗವಾಗಿ ಜಾರಿತು. 2004ರ ಸ್ಯಾಮ್‌ಸಂಗ್ ಡಿ500, 2006ರ ಇ250 ಈ ಆಕಾರವನ್ನು ಮನೆಮಾತು ಮಾಡಿದವು. 2005ರ ನೋಕಿಯಾ 8800 ಉಕ್ಕಿನ ಮೈ ಹೊತ್ತು ಬಾಲ್ ಬೇರಿಂಗ್ ಮೇಲೆ ಜಾರಿತು. 2007ರಲ್ಲಿ ಮಾರುಕಟ್ಟೆಗೆ ಬಂದ ಎನ್95 ಎರಡು ಕಡೆಗೂ ಜಾರುತ್ತಿತ್ತು: ಮೇಲಕ್ಕೆ ಸರಿಸಿದರೆ ಅಂಕಿಗಳು, ಕೆಳಕ್ಕೆ ಸರಿಸಿದರೆ ಹಾಡಿನ ಗುಂಡಿಗಳು. ಭಟ್ಕಳ, ಹೊನ್ನಾವರ, ಕುಮಟಾದ ಅನೇಕ ಕುಟುಂಬಗಳಿಗೆ ಗಲ್ಫ್ ದೇಶಗಳ ನಂಟಿದೆ. ರಜೆಗೆ ಊರಿಗೆ ಬಂದವರ ಬ್ಯಾಗಿನಲ್ಲಿ ಇಂಥ ಫೋನುಗಳೂ ಬಂದವು.

ಎರಡನೆಯದು ಪೂರ್ತಿ ಅಕ್ಷರ ಕೀಲಿಮಣೆಯ ಕಾಲ. 2008ರ ಎಚ್‌ಟಿಸಿ ಡ್ರೀಮ್ ಜಗತ್ತಿನ ಮೊದಲ ಆಂಡ್ರಾಯ್ಡ್ ಫೋನು. ಅದು ಸ್ಲೈಡರ್ ಆಗಿತ್ತು ಎಂಬುದನ್ನು ಈಗ ಬಹಳ ಮಂದಿ ಮರೆತಿದ್ದಾರೆ. 2009ರಲ್ಲಿ ಪಾಮ್ ಪ್ರೀ, ನೋಕಿಯಾ ಎನ್97, ಎನ್900, ಮೊಟೊರೊಲಾ ಡ್ರಾಯ್ಡ್ ಬಂದವು. 2010ರಲ್ಲಿ ಬ್ಲ್ಯಾಕ್‌ಬೆರಿ ಟಾರ್ಚ್, 2011ರಲ್ಲಿ ನೋಕಿಯಾ ಇ7 ಬಂದವು. 2015ರ ಕೊನೆಗೆ ಬಂದ ಬ್ಲ್ಯಾಕ್‌ಬೆರಿ ಪ್ರಿವ್ ಈ ಸಾಲಿನ ತಡವಾದ ಕುಡಿ. 2016ರ ಜನವರಿಯಲ್ಲಿ ಅದು ಭಾರತಕ್ಕೆ ಬಂದಾಗ ಬೆಲೆ 62,990 ರೂಪಾಯಿ.

ಮೂರನೆಯದು 2018ರ ಪೀಳಿಗೆ. ಕೀಲಿಮಣೆ ಅಷ್ಟರಲ್ಲಿ ಬಹುಮಟ್ಟಿಗೆ ಕಣ್ಮರೆಯಾಗಿತ್ತು. ಪರದೆಯನ್ನು ಅಂಚಿನಿಂದ ಅಂಚಿಗೆ ಹಿಗ್ಗಿಸಲು ಹೊರಟ ಕಂಪನಿಗಳಿಗೆ ಸೆಲ್ಫಿ ಕ್ಯಾಮೆರಾ ಎಲ್ಲಿಡುವುದು ಎಂಬ ತೊಡಕು ಬಂತು, ಅದನ್ನು ಬಚ್ಚಿಡಲು ಜಾರುವ ಮೈಯನ್ನು ಮತ್ತೆ ಕರೆದರು. ಒಪ್ಪೋ ಫೈಂಡ್ ಎಕ್ಸ್‌ನಲ್ಲಿ ಮೋಟಾರು ಕ್ಯಾಮೆರಾವನ್ನು ಮೇಲೆತ್ತುತ್ತಿತ್ತು. ಶಿಯೋಮಿ ಮಿ ಮಿಕ್ಸ್ 3ರಲ್ಲಿ ಪರದೆಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಜಾರಿಸಬೇಕಿತ್ತು, ಆಯಸ್ಕಾಂತಗಳು ಅದನ್ನು ಸೆಳೆದು ನಿಲ್ಲಿಸುತ್ತಿದ್ದವು. ಹಾನರ್, ಲೆನೊವೊ ಕೂಡ ಅದೇ ವರ್ಷ ಇಂಥವನ್ನು ತಂದವು. ಒಂದೆರಡು ವರ್ಷಗಳಲ್ಲೇ ಈ ಪೀಳಿಗೆ ನಿಂತುಹೋಯಿತು.

ಜಾರುವ ಯಂತ್ರದ ಒಳಗೆ

ಬಿಚ್ಚಿ ನೋಡಿದರೆ ಸ್ಲೈಡರಿನ ಯಂತ್ರ ಚಿಕ್ಕದು. ಎರಡು ತೆಳು ಲೋಹದ ತಗಡುಗಳು, ಅವುಗಳ ಅಂಚಿನಲ್ಲಿ ಹಳಿ, ಹಳಿಗೆ ಜಾರುಗುಣದ ಪ್ಲಾಸ್ಟಿಕ್ಕಿನ ಒಳಪಟ್ಟಿ, ನಡುವೆ ಒಂದೋ ಎರಡೋ ಸ್ಪ್ರಿಂಗು. ಅರ್ಧದವರೆಗೆ ಬೆರಳು ತಳ್ಳಬೇಕು. ಅರ್ಧ ದಾಟಿದ ಮೇಲೆ ಸ್ಪ್ರಿಂಗು ತಾನೇ ಎಳೆದುಕೊಂಡು ಟಪ್ಪೆಂದು ಕೂರಿಸುತ್ತದೆ. ಮುಚ್ಚುವಾಗಲೂ ಹಾಗೆಯೇ. ತಯಾರಿಕೆಯ ಅಚ್ಚುಕಟ್ಟು ಬೆರಳಿಗೆ ಗೊತ್ತಾಗುವುದು ಆ ಒಂದು ಚಲನೆಯಲ್ಲಿ. ಮೊದಲಿನಿಂದ ಕೊನೆಯವರೆಗೆ ಎಲ್ಲೂ ತಡೆಯದೆ ಜಾರಿದರೆ ಹಳಿ ನೇರವಾಗಿದೆ. ನಡುವೆ ತಡೆದರೆ ಎಡಬಲದ ಹಳಿಗಳು ಸಮವಾಗಿಲ್ಲ. ಕೊನೆಗೆ ಸದ್ದು ಟೊಳ್ಳಾದರೆ ಸ್ಪ್ರಿಂಗು ಸೋತಿದೆ.

ಎರಡು ತುಂಡುಗಳ ನಡುವೆ ವಿದ್ಯುತ್ತನ್ನೂ ಸಂಕೇತಗಳನ್ನೂ ಒಯ್ಯುವುದು ಫ್ಲೆಕ್ಸ್ ಪಟ್ಟಿ. ಪಾಲಿಇಮೈಡ್ ಎಂಬ ತೆಳು ಪೊರೆಯ ಮೇಲೆ ತಾಮ್ರದ ಎಳೆಗಳನ್ನು ಹರಡಿ ಮಾಡಿದ ಪಟ್ಟಿ ಅದು. ಫೋನು ತೆರೆದು ಮುಚ್ಚುವಾಗಲೆಲ್ಲ ಪಟ್ಟಿಯ ಬಾಗು ಹಿಂದಕ್ಕೆ ಮುಂದಕ್ಕೆ ಉರುಳುತ್ತದೆ. ಬಾಗು ಅಗಲವಾಗಿದ್ದರೆ ತಾಮ್ರಕ್ಕೆ ಆಯಾಸ ಕಡಿಮೆ, ಕಿರಿದಾಗಿದ್ದರೆ ಬೇಗ ಬಿರುಕು. ಫೋನು ತೆಳ್ಳಗಿರಬೇಕೆಂದು ಹಟ ಹಿಡಿದಷ್ಟೂ ಬಾಗಿಗೆ ಜಾಗ ಕಡಿಮೆಯಾಗುತ್ತದೆ. ಎನ್95 ಸುಮಾರು 21 ಮಿಲಿಮೀಟರ್ ದಪ್ಪವಿತ್ತು, ಎಚ್‌ಟಿಸಿ ಡ್ರೀಮ್ 17, ಟಾರ್ಚ್ 14.6, ಪ್ರಿವ್ 9.4. ಸ್ಲೈಡರುಗಳು ತೆಳ್ಳಗಾದ ಈ ಕತೆಯಲ್ಲಿ ಹಳಿಗೂ ಪಟ್ಟಿಗೂ ಉಳಿದ ಜಾಗ ಕರಗುತ್ತ ಹೋದ ಕತೆಯೂ ಇದೆ.

ಹಳಿ ಬಿಗಿಯಾಗಿದ್ದರೆ ಜಾರುವುದಿಲ್ಲ, ಸಡಿಲವಾಗಿದ್ದರೆ ಅಲುಗುತ್ತದೆ. ಈ ಎರಡರ ನಡುವಿನ ಕೂದಲೆಳೆಯಷ್ಟು ಅಂತರವನ್ನು ಕಾಯ್ದುಕೊಳ್ಳುವುದೇ ಸ್ಲೈಡರ್ ತಯಾರಿಕೆಯ ಕಷ್ಟ. ಪಾಮ್ ಪ್ರೀಯ ಆರಂಭದ ಪ್ರತಿಗಳಲ್ಲಿ ಮೇಲಿನ ತುಂಡು ತಿರುಚಿದಂತೆ ಅಲುಗುತ್ತದೆ ಎಂಬ ದೂರು ಎಲ್ಲೆಡೆ ಕೇಳಿಬಂತು. ಎನ್97ರಲ್ಲಿ ತೊಂದರೆ ಕೊಟ್ಟದ್ದು ಇನ್ನೊಂದು ಜಾರುವ ಭಾಗ, ಕ್ಯಾಮೆರಾದ ಮುಚ್ಚಳ. ಅದರಡಿ ಸಿಕ್ಕಿಕೊಂಡ ಧೂಳು ಗಾಜನ್ನೇ ಗೀರುತ್ತಿತ್ತು. ರಕ್ಷಣೆಗೆಂದು ಇಟ್ಟದ್ದೇ ಹಾನಿಗೆ ದಾರಿಯಾದ ಈ ಉದಾಹರಣೆ ಮಡಚುವ ಫೋನು ಮಾಡುವವರಿಗೂ ಪಾಠ.

ಬಾಳಿಕೆಯ ಅಂಕಿಗಳನ್ನು ಕಂಪನಿಗಳು ಹೆಮ್ಮೆಯಿಂದ ಹೇಳಿದವು. ಫೈಂಡ್ ಎಕ್ಸ್‌ನ ಯಂತ್ರವೂ ಮಿ ಮಿಕ್ಸ್ 3ರ ಯಂತ್ರವೂ ಮೂರು ಲಕ್ಷ ಸಲ ತೆರೆದು ಮುಚ್ಚಿದರೂ ತಡೆಯುತ್ತವೆ ಎಂದು ಪ್ರಕಟಿಸಿದರು. ದಿನಕ್ಕೆ ನೂರು ಸಲ ಎಂದು ಹಿಡಿದರೆ ಎಂಟು ವರ್ಷ. ಕೇಳಲು ಸಮಾಧಾನಕರ. ಆದರೆ ಇಂಥ ಎಣಿಕೆ ಹೇಳುವುದು ಸವೆತವನ್ನು ಮಾತ್ರ. ಕಡಲ ದಂಡೆಯಲ್ಲಿ ಯಂತ್ರ ಸವೆಯುವ ಮೊದಲೇ ತುಕ್ಕು ಹಿಡಿಯುತ್ತದೆ.

ಉಪ್ಪು, ತೇವ, ಮರಳು

ಉಪ್ಪಿಗೆ ಒಂದು ಗುಣವಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಅದು ಗಾಳಿಯಲ್ಲಿರುವ ತೇವವನ್ನೇ ಹೀರಿ ತಾನಾಗಿ ನೀರಾಗುತ್ತದೆ. ಡಬ್ಬಿಯ ಉಪ್ಪು ಆಷಾಢದಲ್ಲಿ ಒಸರುವುದನ್ನು ಕರಾವಳಿಯ ಎಲ್ಲ ಅಡುಗೆಮನೆಗಳೂ ಬಲ್ಲವು. ಮಳೆಗಾಲದಲ್ಲಿ ನಮ್ಮ ಕಡೆ ಆರ್ದ್ರತೆ ಶೇ. 85–90ರ ಮೇಲೆಯೇ ಇರುವುದರಿಂದ, ಫೋನಿನ ಸಂದಿಯಲ್ಲಿ ಸೇರಿದ ಉಪ್ಪಿನ ಕಣ ಒಣಗಿ ಕೂರುವುದಿಲ್ಲ, ಉಪ್ಪುನೀರಿನ ಹನಿಯಾಗಿ ನಿಲ್ಲುತ್ತದೆ. ಅಂದರೆ ಫೋನನ್ನು ನೀರಿಗೆ ಬೀಳಿಸಬೇಕೆಂದಿಲ್ಲ. ಅಂಗಿಯ ಕಿಸೆಯಲ್ಲಿದ್ದರೂ ಅದರೊಳಗೆ ಉಪ್ಪುನೀರು ಹುಟ್ಟುತ್ತದೆ.

ಸ್ಲೈಡರಿನ ಎರಡು ತುಂಡುಗಳ ನಡುವಿನ ಸಂದಿ ಇದಕ್ಕೆ ಹೇಳಿಮಾಡಿಸಿದ ಜಾಗ. ಸಂದಿ ಕಿರಿದಾದಷ್ಟೂ ದ್ರವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಹಿಡಿದಿಟ್ಟುಕೊಳ್ಳುತ್ತದೆ, ಒಣಗಲು ಬಿಡುವುದಿಲ್ಲ. ಒಳಗೆ ಆಮ್ಲಜನಕ ಕಡಿಮೆ, ಹೊರಗೆ ಹೆಚ್ಚು. ಈ ವ್ಯತ್ಯಾಸವೇ ಸಂದಿಯೊಳಗಿನ ಲೋಹವನ್ನು ತಿನ್ನಿಸುತ್ತದೆ. ತುಕ್ಕು ಹಿಡಿಯದ ಉಕ್ಕು ಎಂದು ನಾವು ನಂಬುವ 304 ದರ್ಜೆಯ ಸ್ಟೀಲು ಕೂಡ ಕ್ಲೋರೈಡಿನ ಎದುರು ಚುಕ್ಕೆಚುಕ್ಕೆಯಾಗಿ ತೂತು ಬೀಳುತ್ತದೆ. ಮಾಲಿಬ್ಡಿನಮ್ ಸೇರಿಸಿದ 316 ದರ್ಜೆ ಅದಕ್ಕಿಂತ ಚೆನ್ನಾಗಿ ತಾಳುತ್ತದೆ, ಆದರೆ ಬೆಲೆ ಹೆಚ್ಚು. ಉಕ್ಕಿನ ಹಳಿಯ ಪಕ್ಕದಲ್ಲೇ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಚೌಕಟ್ಟಿದ್ದು, ನಡುವೆ ಉಪ್ಪುನೀರಿನ ತೇವ ಸೇರಿದರೆ ಅದೊಂದು ಪುಟ್ಟ ಬ್ಯಾಟರಿಯೇ ಆಗಿ ಹಗುರ ಲೋಹ ಕರಗತೊಡಗುತ್ತದೆ. ಕೀಲಿಮಣೆಯ ಅಡಿಯ ತಾಮ್ರಕ್ಕೆ ಚಿನ್ನದ ಲೇಪವಿದ್ದರೂ, ಲೇಪದ ಸೂಕ್ಷ್ಮ ರಂಧ್ರಗಳಲ್ಲಿ ಉಪ್ಪು ಇಳಿದು ಹಸಿರು ಕಿಲುಬು ಮೇಲೇಳುತ್ತದೆ.

ಮರಳಿನದು ಬೇರೆ ದಾರಿ. ಗೋಕರ್ಣದ ಕಡಲತೀರಕ್ಕೆ ಹೋಗಿಬಂದ ಕಿಸೆಯಲ್ಲಿ ಮರಳಿಲ್ಲದೆ ಇರುವುದಿಲ್ಲ. ಮರಳಿನ ಮುಖ್ಯ ಭಾಗವಾದ ಸ್ಫಟಿಕ ಫೋನಿನ ಗಾಜಿಗಿಂತಲೂ ಉಕ್ಕಿಗಿಂತಲೂ ಗಟ್ಟಿ. ಹಳಿಯಲ್ಲಿ ಒಂದು ಕಣ ಸಿಕ್ಕಿಕೊಂಡರೆ ಪ್ರತಿ ಸಲ ಜಾರುವಾಗಲೂ ಅದು ಗೀರುತ್ತ ಹೋಗುತ್ತದೆ.

ಇಲ್ಲಿ ಧೂಳು, ನೀರು ತಡೆಯುವ ಮಟ್ಟವನ್ನು ಹೇಳುವ ಐಪಿ ಗುರುತಿನ ಮಾತು ಬರುತ್ತದೆ. ಐಪಿ68 ಎಂಬಲ್ಲಿ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಫೈಂಡ್ ಎಕ್ಸ್, ಮಿ ಮಿಕ್ಸ್ 3, ಪ್ರಿವ್ ಮೂರಕ್ಕೂ ಇಂಥ ಗುರುತು ಇರಲಿಲ್ಲ. 2020ರಲ್ಲಿ ಒಪ್ಪೋ ಜಾರುವ ಯಂತ್ರವನ್ನು ಕೈಬಿಟ್ಟು ಪರದೆಯಲ್ಲೊಂದು ತೂತು ಕೊರೆದು ಕ್ಯಾಮೆರಾ ಇಟ್ಟಿತು. ಅದೇ ಸಾಲಿನ ಫೈಂಡ್ ಎಕ್ಸ್2 ಪ್ರೊಗೆ ಐಪಿ68 ದೊರೆಯಿತು. ಅಂದಮಾತ್ರಕ್ಕೆ ಸ್ಲೈಡರಿಗೆ ನೀರು ತಡೆಯುವುದು ಅಸಾಧ್ಯ ಎಂದಲ್ಲ. ಜಪಾನಿನಲ್ಲಿ ಫುಜಿತ್ಸು ನೀರು ತಡೆಯುವ ಸ್ಲೈಡರುಗಳನ್ನು ಮಾರಿದ್ದುಂಟು. ಆದರೆ ಅದಕ್ಕೆ ದಪ್ಪವೂ ಖರ್ಚೂ ಬೇಕು. ಹೆಚ್ಚಿನ ಕಂಪನಿಗಳು ಅದನ್ನು ಕೊಡಲು ಒಪ್ಪಲಿಲ್ಲ.

ಇನ್ನೊಂದು ಮಾತನ್ನು ಕರಾವಳಿಯವರು ಒತ್ತಿ ಹೇಳಬೇಕು. ಐಪಿ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪಿಗೆ ಬೇರೆಯೇ ಪರೀಕ್ಷೆ ಇದೆ: ಶೇ. 5ರ ಉಪ್ಪುನೀರನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಜಾಗಿ ಸಿಂಪಡಿಸಿ, ಗಂಟೆಗಟ್ಟಲೆ ವಸ್ತುವನ್ನು ಅದರಲ್ಲಿಡುವ ಪರೀಕ್ಷೆ. ಐಎಸ್‌ಒ 9227 ಎಂಬ ಅಂತರರಾಷ್ಟ್ರೀಯ ಮಾನಕ ಅದರ ಕ್ರಮವನ್ನು ಹೇಳುತ್ತದೆ. ವಾಹನಗಳ ಬಿಡಿಭಾಗಗಳಿಗೆ ಇದು ಮಾಮೂಲು. ಫೋನಿನ ಡಬ್ಬಿಯ ಮೇಲೆ ಇದರ ಫಲಿತಾಂಶವನ್ನು ನಾವು ಕಾಣುವುದಿಲ್ಲ.

ಕೈಯಲ್ಲಿ ಹಿಡಿದಾಗ

ಇಷ್ಟೆಲ್ಲ ದೋಷ ಹೇಳಿದ ಮೇಲೆ ಸ್ಲೈಡರಿನ ಗುಣವನ್ನೂ ಅಷ್ಟೇ ಬಿಡಿಸಿ ಹೇಳಬೇಕು. ಒದ್ದೆ ಕೈಯಲ್ಲಿ ಈಗಿನ ಫೋನಿನ ಪರದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೆರಳಿನ ವಿದ್ಯುತ್ ಗುಣವನ್ನು ಗುರುತಿಸಿ ನಡೆಯುವ ಪರದೆಗೆ ನೀರಿನ ಹನಿಯೂ ಬೆರಳಿನಂತೆಯೇ ಕಾಣುತ್ತದೆ. ಅಘನಾಶಿನಿಯ ಇಳಿತದಲ್ಲಿ ಸೊಂಟದ ನೀರಿಗಿಳಿದು ಚಿಪ್ಪಿ ಆರಿಸುವವರಿಗೆ, ಮೀನು ತೂಗಿಕೊಡುವವರಿಗೆ, ಮಳೆಯಲ್ಲಿ ಬೈಕ್ ನಿಲ್ಲಿಸಿ ಕರೆ ಎತ್ತುವವರಿಗೆ ಇದು ದಿನದ ಪಾಡು. ಸ್ಲೈಡರಿನಲ್ಲಿ ಮೇಲಕ್ಕೆ ತಳ್ಳಿದರೆ ಕರೆ ಎತ್ತಿದಂತೆ, ಕೆಳಕ್ಕೆ ಎಳೆದರೆ ಇಟ್ಟಂತೆ. ಕೈ ಒದ್ದೆಯಿದ್ದರೂ, ಕಣ್ಣು ಬೇರೆ ಕಡೆ ಇದ್ದರೂ, ಕನ್ನಡಕ ಮನೆಯಲ್ಲಿದ್ದರೂ ಆ ಚಲನೆ ತಪ್ಪುವುದಿಲ್ಲ. ಕೀಲಿಯ ಅಂಚು ಬೆರಳಿಗೆ ತಗಲುತ್ತದೆ, ಒತ್ತಿದ್ದು ಗೊತ್ತಾಗುತ್ತದೆ. ಕಣ್ಣು ಮಂದವಾದ ಹಿರಿಯರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಮುಚ್ಚಿದಾಗ ಕೀಲಿಗಳು ಒಳಗಿರುವುದರಿಂದ ಕಿಸೆಯಲ್ಲಿ ತಾನಾಗಿ ಒತ್ತಿಕೊಳ್ಳುವ ಭಯವಿಲ್ಲ. ಮುಚ್ಚಿದ ಫೋನು ಚಿಕ್ಕದು, ತೆರೆದಾಗ ಬಾಯಿಯಿಂದ ಕಿವಿಯವರೆಗೆ ಉದ್ದ. ಮಿತವಾದ ಜಾಗದಲ್ಲಿ ಪರದೆ, ಕೀಲಿಮಣೆ ಎರಡನ್ನೂ ಪೂರ್ತಿಯಾಗಿ ಕೊಡುವ ಆಕಾರಗಳಲ್ಲಿ ಇದೂ ಒಂದು.

ಕೈಹಿಡಿತದಲ್ಲಿ ಎಡವಿದ ಜಾಗಗಳೂ ಇವೆ. ತೆರೆದ ಸ್ಲೈಡರಿನ ಭಾರ ಮೇಲಕ್ಕೆ ಸರಿಯುತ್ತದೆ. ಗಾಜಿನ ಪರದೆ ದೊಡ್ಡದಾದಷ್ಟೂ ತಲೆಭಾರ ಹೆಚ್ಚಿ, ಕೆಳತುದಿ ಹಿಡಿದು ಟೈಪ್ ಮಾಡುವ ಹೆಬ್ಬೆರಳುಗಳು ಬೇಗ ದಣಿಯುತ್ತವೆ. 161 ಗ್ರಾಮಿನ ಟಾರ್ಚ್‌ನಲ್ಲಿ ಪರದೆ 3.2 ಇಂಚು ಮಾತ್ರವಿದ್ದರಿಂದ ತೂಕ ಹದವಾಗಿತ್ತು. 5.4 ಇಂಚಿನ, 192 ಗ್ರಾಮಿನ ಪ್ರಿವ್‌ನಲ್ಲಿ ಹದ ಕಷ್ಟವಾಯಿತು. ಅಡ್ಡಕ್ಕೆ ತೆರೆಯುವ ಮಾದರಿಗಳಲ್ಲಿ ಮೇಲಿನ ಸಾಲಿನ ಕೀಲಿಗಳು ಪರದೆಯ ತುಂಡಿನ ಅಂಚಿಗೆ ಒತ್ತಿಕೊಂಡಿರುತ್ತಿದ್ದವು, ಉಗುರಿನ ತುದಿಯಿಂದ ಒತ್ತಬೇಕಿತ್ತು. ಎಚ್‌ಟಿಸಿ ಡ್ರೀಮ್‌ನ ಬಲಗಡೆ ಚಾಚಿಕೊಂಡಿದ್ದ ಗಲ್ಲದಂಥ ಉಬ್ಬು ಬಲ ಹೆಬ್ಬೆರಳಿಗೆ ಅಡ್ಡಿಯಾಗುತ್ತಿತ್ತು. ನೋಕಿಯಾ ಇ7 ಪರದೆಯನ್ನು ತುಸು ಓರೆಯಾಗಿ ಎತ್ತಿ ನಿಲ್ಲಿಸಿ ಮೇಜಿನ ಮೇಲಿಟ್ಟು ಬರೆಯುವವರಿಗೆ ಅನುಕೂಲ ಮಾಡಿಕೊಟ್ಟಿತು. ಅದರ ಅಲ್ಯೂಮಿನಿಯಂ ಮೈ ಆ ಪೀಳಿಗೆಯ ಅತ್ಯಂತ ಗಟ್ಟಿ ಮೈಗಳಲ್ಲಿ ಒಂದು.

ರಿಪೇರಿಯ ಬೆಂಚಿನ ಮೇಲೆ

ಮೈಕಟ್ಟನ್ನು ಅಳೆಯುವಾಗ ಎಷ್ಟು ದಿನ ಕೆಡುವುದಿಲ್ಲ ಎಂಬುದರಷ್ಟೇ ಮುಖ್ಯ, ಕೆಟ್ಟ ಮೇಲೆ ಎಷ್ಟು ಸುಲಭವಾಗಿ ಸರಿಯಾಗುತ್ತದೆ ಎಂಬುದು. ಈ ಅಳತೆಯಲ್ಲಿ ಮೊದಲ ಪೀಳಿಗೆ ಮೇಲುಗೈ ಸಾಧಿಸುತ್ತದೆ. ಹಿಂದಿನ ಮುಚ್ಚಳವನ್ನು ಉಗುರಿನಿಂದ ತೆಗೆಯಬಹುದಿತ್ತು. ಬ್ಯಾಟರಿ ಕೈಗೆ ಬರುತ್ತಿತ್ತು. ನಾಲ್ಕಾರು ಸ್ಕ್ರೂ ಬಿಚ್ಚಿದರೆ ಫ್ಲೆಕ್ಸ್ ಪಟ್ಟಿ ಕಾಣುತ್ತಿತ್ತು. ಪಟ್ಟಿ ಹೋದರೆ ಪರದೆ ಕಪ್ಪಾಗುತ್ತದೆ, ಇಲ್ಲವೇ ತೆರೆದಾಗ ಮಾತ್ರ ಬೆಳಗುತ್ತದೆ. ತಾಲೂಕು ಪೇಟೆಯ ಮೊಬೈಲ್ ರಿಪೇರಿಯವರು ಈ ಲಕ್ಷಣ ಕೇಳಿದೊಡನೆ ರೋಗ ಹೇಳುತ್ತಿದ್ದರು, ಪಟ್ಟಿ ಬದಲಿಸಿ ಅದೇ ದಿನ ಫೋನು ಮರಳಿಸುತ್ತಿದ್ದರು. ಮಳೆಗೆ ನೆಂದ ಫೋನಿನ ಬ್ಯಾಟರಿಯನ್ನು ತಕ್ಷಣ ಕಳಚಲು ಸಾಧ್ಯವಿದ್ದದ್ದೇ ಎಷ್ಟೋ ಫೋನುಗಳನ್ನು ಉಳಿಸಿತು. ಉಪ್ಪುನೀರು ಸೇರಿದ ಬೋರ್ಡಿನಲ್ಲಿ ವಿದ್ಯುತ್ ಹರಿದಷ್ಟೂ ತಾಮ್ರ ಬೇಗ ಕರಗುತ್ತದೆ. ಬ್ಯಾಟರಿ ಕಳಚಿದರೆ ಆ ಕೆಲಸ ನಿಧಾನವಾಗುತ್ತದೆ.

ಮೂರನೆಯ ಪೀಳಿಗೆಯಲ್ಲಿ ಇದೆಲ್ಲ ಮುಚ್ಚಿಹೋಯಿತು. ಹಿಂದೆ ಗಾಜು ಅಥವಾ ಸೆರಾಮಿಕ್, ಮುಂದೆ ಗಾಜು, ನಡುವೆ ಅಂಟು, ಒಳಗೆ ಮೋಟಾರು ಅಥವಾ ಆಯಸ್ಕಾಂತ. ಬಿಸಿ ಮಾಡಿ ಅಂಟು ಬಿಡಿಸದೆ ಒಳಗೆ ಹೋಗುವಂತಿಲ್ಲ. ಬಿಡಿಭಾಗಕ್ಕೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳುಹಿಸಬೇಕು. 59,990 ರೂಪಾಯಿಗೆ ಭಾರತಕ್ಕೆ ಬಂದ ಫೈಂಡ್ ಎಕ್ಸ್‌ನಂಥ ಫೋನಿನಲ್ಲಿ ಮೋಟಾರು ನಿಂತರೆ ಸೆಲ್ಫಿ ಕ್ಯಾಮೆರಾವೊಂದೇ ಹೋಗುವುದಿಲ್ಲ. ಹಿಂದಿನ ಕ್ಯಾಮೆರಾವೂ ಮುಖ ನೋಡಿ ಬೀಗ ತೆರೆಯುವ ವ್ಯವಸ್ಥೆಯೂ ಅದೇ ಜಾರುವ ತುಂಡಿನಲ್ಲಿದ್ದವು. ಒಂದು ಅಲುಗುವ ಭಾಗದ ಮೇಲೆ ಇಷ್ಟು ಕೆಲಸಗಳನ್ನು ಹೇರಿದ್ದು ವಿನ್ಯಾಸದ ದೊಡ್ಡ ತಪ್ಪು.

ಕೀಲಿಮಣೆ ಇತ್ತು, ಕನ್ನಡ ಇರಲಿಲ್ಲ

ಕನ್ನಡಿಗರ ಪಾಲಿಗೆ ಸ್ಲೈಡರಿನ ಕತೆಯಲ್ಲಿ ಒಂದು ನಷ್ಟವಿದೆ. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಕನ್ನಡದ ಎಲ್ಲ ಅಕ್ಷರಗಳನ್ನು ಮೂಡಿಸುವ ವಿನ್ಯಾಸವನ್ನು ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಬಲ್ಲ ಕೆ.ಪಿ. ರಾವ್, ರೂಪಿಸಿಕೊಟ್ಟಿದ್ದರು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನು ಆಧರಿಸಿತು, ಕರ್ನಾಟಕ ಸರ್ಕಾರವೂ ಒಪ್ಪಿಕೊಂಡಿತು. ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ ಸಾವಿರಾರು ಬೆರಳುಗಳಿಗೆ ಆ ವಿನ್ಯಾಸ ರೂಢಿಯಾಗಿತ್ತು. ಪೂರ್ತಿ ಕೀಲಿಮಣೆಯ ಸ್ಲೈಡರ್ ಫೋನು ಆ ಬೆರಳುಗಳಿಗೆ ಒಪ್ಪುವ ಸಾಧನವಾಗಬಹುದಿತ್ತು.

ಆದರೆ 2008ರಿಂದ 2011ರವರೆಗೆ, ಅಂದರೆ ಆ ಸ್ಲೈಡರುಗಳ ಸುಗ್ಗಿಯ ಕಾಲದಲ್ಲಿ, ಆಂಡ್ರಾಯ್ಡ್ ಕನ್ನಡವನ್ನು ತೋರಿಸುತ್ತಿರಲಿಲ್ಲ. ಕನ್ನಡದ ಸಂದೇಶ ಬಂದರೆ ಖಾಲಿ ಚೌಕಗಳ ಸಾಲು ಕಾಣುತ್ತಿತ್ತು. ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಸಿಕ್ಕಿದ್ದು 2012ರ ಆಂಡ್ರಾಯ್ಡ್ 4.1ರಲ್ಲಿ. ಅದೇ ವರ್ಷ ಮೊಟೊರೊಲಾದ ಡ್ರಾಯ್ಡ್ 4, ಫೋಟಾನ್ ಕ್ಯೂ ಬಂದವು. ಆ ಸಾಲಿನ ಕೊನೆಯ ಸ್ಲೈಡರುಗಳಲ್ಲಿ ಅವೂ ಸೇರಿವೆ, ಅಮೆರಿಕದ ದೂರವಾಣಿ ಕಂಪನಿಗಳಿಗಾಗಿಯೇ ಮಾಡಿದವು. ಕನ್ನಡ ಒಳಗೆ ಬರುವ ಹೊತ್ತಿಗೆ ಕೀಲಿಮಣೆ ಹೊರಗೆ ನಡೆದಿತ್ತು. ಪ್ರಿವ್‌ನಲ್ಲಿ ಎರಡೂ ಒಟ್ಟಿಗೆ ಇದ್ದವು, ಆದರೆ ಅದರ ಬೆಲೆ ಹಳ್ಳಿಯ ಶಿಕ್ಷಕರಿಗೂ ಪಂಚಾಯಿತಿ ನೌಕರರಿಗೂ ನಿಲುಕುವಂಥದ್ದಲ್ಲ. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಬರೆಯಿಸುವ ಸೌಲಭ್ಯ ಕೊಟ್ಟಿತು, ಬಹಳ ಮಂದಿಗೆ ಅದು ಆಸರೆಯಾಯಿತು. ಗಾಳಿ, ಮಳೆ, ಬಸ್ಸಿನ ಸದ್ದಿನ ನಡುವೆ ಅದು ತಡವರಿಸುವಾಗ, ಬೆರಳಿಗೆ ಸಿಗುವ ಕೀಲಿಯ ಬೆಲೆ ಗೊತ್ತಾಗುತ್ತದೆ.

ಸ್ಲೈಡರ್ ಹೋದದ್ದೇಕೆ, ಉಳಿಸಿದ್ದೇನು

ಪರದೆಯ ಮೇಲಿನ ಕೀಲಿಮಣೆ ಸುಧಾರಿಸಿತು. ಅದನ್ನು ಯಾವ ಭಾಷೆಗಾದರೂ ಬದಲಿಸಬಹುದಿತ್ತು. ಅಲುಗುವ ಭಾಗವಿಲ್ಲದ ಮೈಯನ್ನು ಮಾಡುವುದು ಅಗ್ಗ, ಮುಚ್ಚುವುದು ಸುಲಭ, ಬ್ಯಾಟರಿಗೆ ಜಾಗ ಹೆಚ್ಚು. ಮಾರುಕಟ್ಟೆ ಆ ಕಡೆ ವಾಲಿತು. 2018ರಲ್ಲಿ ನೋಕಿಯಾ 8110 ಮತ್ತೆ ಬಂದು ಭಾರತದಲ್ಲಿ 5,999 ರೂಪಾಯಿಗೆ ಸಿಕ್ಕಿತು. ಹಳೆಯ ನೆನಪಿನ ಮೇಲೆ ನಿಂತ ಆ ಫೋನು ಸ್ಲೈಡರುಗಳ ಕಾಲವನ್ನು ಮರಳಿ ತರಲಿಲ್ಲ.

ಈಗ ಅದೇ ಪ್ರಶ್ನೆಗಳು ಮಡಚುವ ಫೋನಿನ ಮುಂದಿವೆ. 2019ರ ಮೊದಲ ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋಲ್ಡ್‌ನ ಕೀಲಿನ ಸಂದಿಯಲ್ಲಿ ಕಸ ಸೇರಿ ಪರದೆ ಕೆಟ್ಟ ದೂರುಗಳಿಂದ ಬಿಡುಗಡೆಯೇ ಮುಂದಕ್ಕೆ ಹೋಯಿತು. 2021ರ ಫೋಲ್ಡ್ 3ಕ್ಕೆ ನೀರಿನ ಗುರುತು ಸಿಕ್ಕಿತು, ಧೂಳಿನದು ಸಿಗಲಿಲ್ಲ. 2025ರಲ್ಲಿ ಗೂಗಲ್‌ನ ಪಿಕ್ಸೆಲ್ 10 ಪ್ರೊ ಫೋಲ್ಡ್ ಐಪಿ68 ಗುರುತಿನೊಂದಿಗೆ ಬಂತು. ಅಲುಗುವ ಮೈಯನ್ನು ಮುಚ್ಚಿ ಕಾಪಾಡಬಹುದು ಎಂಬುದು ಈಗ ಸಾಬೀತಾದ ಮಾತು. ಸ್ಲೈಡರಿಗೆ ಹೆಚ್ಚಿನ ಕಂಪನಿಗಳು ಕೊಡದ ಶ್ರಮವನ್ನು ಮಡಚುವ ಫೋನಿಗೆ ಕೊಟ್ಟರು.

ತೀರ್ಪು ಮತ್ತು ಒಂದು ಒತ್ತಾಯ

ಮೂರು ಪೀಳಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನ್ನ ತೀರ್ಪು ಹೀಗೆ. ಮೊದಲ ಪೀಳಿಗೆಯ ಅಂಕಿಕೀಲಿಯ ಸ್ಲೈಡರು ಕರಾವಳಿಗೆ ಒಪ್ಪಿದ ಮೈಕಟ್ಟು. ಅದಕ್ಕೆ ನೀರು ತಡೆಯುವ ಶಕ್ತಿ ಇರಲಿಲ್ಲ, ಆದರೆ ಬಿಚ್ಚಿ, ಒಣಗಿಸಿ, ಸರಿಮಾಡಿ ಮತ್ತೆ ಬಳಸುವ ದಾರಿ ಇತ್ತು. ಎರಡನೆಯ ಪೀಳಿಗೆ ಬರವಣಿಗೆಗೆ ಎಲ್ಲಕ್ಕಿಂತ ಒಳ್ಳೆಯ ಆಕಾರವನ್ನು ಕೊಟ್ಟಿತು, ಆದರೆ ನಮ್ಮ ಭಾಷೆಯನ್ನು ಕೊಡಲಿಲ್ಲ. ಮೂರನೆಯದು ಕಣ್ಣಿಗೆ ಅಂದ, ಕರಾವಳಿಗೆ ಅಪಾತ್ರ. ಉಪ್ಪುಗಾಳಿಯಲ್ಲಿ ಬದುಕುವವರು ಅದನ್ನು ಕೊಳ್ಳದೆ ಇದ್ದದ್ದೇ ಲೇಸಾಯಿತು.

ಮಡಚುವುದಿರಲಿ, ಜಾರುವುದಿರಲಿ, ಅಲುಗುವ ಮೈಯ ಫೋನನ್ನು ಹಳೆಯದಾಗಿಯೋ ಹೊಸದಾಗಿಯೋ ಕೊಳ್ಳುವ ಮುನ್ನ ಇಷ್ಟು ನೋಡಿ. ತೆರೆದು ಮುಚ್ಚುವಾಗ ಎಲ್ಲೂ ತಡೆಯಬಾರದು. ತೆರೆದ ಸ್ಥಿತಿಯಲ್ಲಿ ಎರಡು ತುದಿ ಹಿಡಿದು ಮೆಲ್ಲಗೆ ತಿರುಚಿದರೆ ಕಿರುಗುಟ್ಟಬಾರದು. ತೆರೆಯುತ್ತ ಮುಚ್ಚುತ್ತ ಇರುವಾಗ ಪರದೆ ಮಿನುಗಬಾರದು. ಮಿನುಗಿದರೆ ಪಟ್ಟಿ ಹೋಗುವ ಹಾದಿಯಲ್ಲಿದೆ. ಸಂದಿಗೆ ಟಾರ್ಚ್ ಬಿಟ್ಟು ನೋಡಿದರೆ ಬಿಳಿ ಪುಡಿಯೋ ಹಸಿರು ಕಿಲುಬೋ ಕಾಣಬಾರದು. ಚಾರ್ಜಿಂಗ್ ಪಿನ್ ಬಿಗಿಯಾಗಿರಬೇಕು. ಐಪಿ ಗುರುತಿನಲ್ಲಿ ಎರಡೂ ಅಂಕಿ ಇವೆಯೇ ನೋಡಿ. ಧೂಳಿನ ಜಾಗದಲ್ಲಿ ಎಕ್ಸ್ ಎಂದಿದ್ದರೆ ಮರಳಿನ ಹೊಣೆ ನಿಮ್ಮದೇ. ಬಿಡಿಭಾಗ ಜಿಲ್ಲೆಯೊಳಗೆ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಮೊದಲೇ ಕೇಳಿ.

ಕೊಳ್ಳುವವರ ಎಚ್ಚರವೊಂದೇ ಸಾಲದು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಜಾಲತಾಣವೊಂದನ್ನೂ ತೆರೆಯಿತು. ಆ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ಮಂಡಪಂ ಕಡಲತೀರದಲ್ಲಿ ಲೋಹಗಳನ್ನು ಗಾಳಿಗೊಡ್ಡಿ ತುಕ್ಕು ಅಳೆಯುವ ಕೆಲಸವನ್ನು ದಶಕಗಳಿಂದ ಮಾಡಿದೆ. ಸುರತ್ಕಲ್‌ನ ಎನ್‌ಐಟಿಕೆ ಇರುವುದೇ ಕಡಲ ಅಂಚಿನಲ್ಲಿ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಫೋನುಗಳು ಈಗ ನಮ್ಮ ರಾಜ್ಯದಲ್ಲೇ ತಯಾರಾಗುತ್ತಿವೆ. ಹಾಗಿದ್ದ ಮೇಲೆ ಅಘನಾಶಿನಿಯ ದಂಡೆಯಲ್ಲಿ ಒಂದು ಮಳೆಗಾಲ ಕಳೆದ ಫೋನು ಹೇಗಿರುತ್ತದೆ ಎಂದು ಪರೀಕ್ಷಿಸಲು ಯಾವ ತೊಡಕೂ ಇಲ್ಲ. ಭಾರತದಲ್ಲಿ ಮಾರುವ ಪ್ರತಿ ಫೋನಿನ ಡಬ್ಬಿಯ ಮೇಲೆ ಉಪ್ಪುಮಂಜಿನ ಪರೀಕ್ಷೆಯ ಫಲಿತಾಂಶವನ್ನೂ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನೂ ಕನ್ನಡದಲ್ಲಿ ಅಚ್ಚುಹಾಕುವುದನ್ನು ಸರ್ಕಾರ ಕಡ್ಡಾಯ ಮಾಡಲಿ. ಕಾರವಾರದಿಂದ ಉಳ್ಳಾಲದವರೆಗಿನ ಗ್ರಾಹಕರು, ಗ್ರಾಹಕ ಸಂಘಟನೆಗಳು, ಶಾಸಕರು ಒಟ್ಟಾಗಿ ಈ ಒತ್ತಾಯವನ್ನು ಮುಂದಿಡಬೇಕು.